ಸಿಂಗಳೀಕ ಸಮುದ್ರದಲ್ಲಿ ಕಾಣಿಸ್ತಿದೆ, ಜಿಬಿಐಎಫ್ ಡೇಟಾ ಕ್ಲೀನ್ ಮಾಡೋದು ಹೆಂಗೆ?

ಪ್ರಶ್ನೆ: ನಮಸ್ತೆ ಮೇಡಂ, ಎಂಎಸ್ಸಿ ಪ್ರಾಜೆಕ್ಟಿಗೆ ಸಿಂಗಳೀಕ (ಪಶ್ಚಿಮ ಘಟ್ಟದ ಕೋತಿ) ಎಲ್ಲೆಲ್ಲಿ ಇರಬಹುದು ಅಂತ ಮಾಡೆಲ್ ಮಾಡ್ತಿದೀನಿ. ಜಿಬಿಐಎಫ್‌ನಿಂದ (ಯಾವ ಜೀವಿ ಎಲ್ಲಿ ಕಂಡಿದೆ ಅನ್ನೋ ದಾಖಲೆಗಳ ಜಾಗತಿಕ ಡೇಟಾಬೇಸ್) ಡೇಟಾ ಇಳಿಸ್ಕೊಂಡು ಮ್ಯಾಪಿಗೆ ಹಾಕಿದ್ರೆ ಒಂದಿಷ್ಟು ಪಾಯಿಂಟು ಯುರೋಪಲ್ಲಿ, ಒಂದು ನಾರ್ವೆ ಮೇಲ್ಗಡೆ ಸಮುದ್ರದಲ್ಲಿ, ಇನ್ನೊಂದು ಮಧ್ಯಪ್ರದೇಶದಲ್ಲಿ. ಆರ್‌ನಲ್ಲಿ ಕೋಆರ್ಡಿನೇಟ್‌ಕ್ಲೀನರ್ ಅನ್ನೋ, ತಪ್ಪು ಪಾಯಿಂಟ್ ಹುಡುಕೋ ಪ್ಯಾಕೇಜ್ ಓಡ್ಸಿ, ಫ್ಲ್ಯಾಗ್ (ಅನುಮಾನದ ಗುರುತು) ಆಗಿದ್ದನ್ನೆಲ್ಲ ಡಿಲೀಟ್ ಮಾಡಿದ್ರೆ ಸಾಕಾ?

ಉತ್ತರ: ಓಡ್ಸಿ, ಆದ್ರೆ ಡಿಲೀಟ್ ಬಟನ್ನಿಗೆ ಈಗ್ಲೇ ಕೈ ಹಾಕ್ಬೇಡಿ. ಯುರೋಪಿಂದು ಬಹುಶಃ ಝೂ ಪ್ರಾಣಿಗಳು, ಬೇಸಿಸ್ ಆಫ್ ರೆಕಾರ್ಡ್ (ದಾಖಲೆ ಯಾವ ಥರದ್ದು) ಕಾಲಮ್ಮಲ್ಲಿ ಲಿವಿಂಗ್ ಸ್ಪೆಸಿಮನ್ (ಸಾಕಿರೋ ಜೀವಿ) ಅಂತ ಇದ್ರೆ ತೆಗೀರಿ, ಆದ್ರೆ ಝೂಗೆ ಹೋದವರು ಫೋಟೋ ತೆಗ್ದು ಐನ್ಯಾಚುರಲಿಸ್ಟಿಗೆ (ಜನ ತಾವು ಕಂಡ ಜೀವಿಗಳನ್ನ ದಾಖಲಿಸೋ ವೆಬ್‌ಸೈಟು) ಹಾಕಿದ್ದು ಆ ಕಾಲಮ್ಮಲ್ಲಿ ಹ್ಯೂಮನ್ ಅಬ್ಸರ್ವೇಶನ್ (ಯಾರೋ ಕಣ್ಣಾರೆ ಕಂಡಿದ್ದು) ಆಗಿಬಿಟ್ಟಿರತ್ತೆ, ಅದನ್ನ ನೀವೇ ಹುಡುಕ್ಬೇಕು. ನಾರ್ವೆದು ಅಕ್ಷಾಂಶ 74, ರೇಖಾಂಶ 14 ಹತ್ರ ಇದ್ಯಾ ನೋಡಿ. ಇದ್ರೆ ಅಕ್ಷಾಂಶ ರೇಖಾಂಶ ಅದಲುಬದಲಾಗಿದೆ ಅಷ್ಟೇ, ತಿರುಗ್ಸಿದ್ರೆ ಉತ್ತರ ಕನ್ನಡಕ್ಕೆ ಬಂದು ಕೂರತ್ತೆ, ಒಳ್ಳೇ ರೆಕಾರ್ಡನ್ನ ಯಾಕೆ ಬಿಸಾಕ್ತೀರಾ. ಮಧ್ಯಪ್ರದೇಶದ್ದು ಬರೀ 'ಇಂಡಿಯಾ' ಅಂತಿದ್ದ ಸ್ಪೆಸಿಮನ್ನಿಗೆ ಯಾರೋ ದೇಶದ ನಡುಮಧ್ಯದ ಪಾಯಿಂಟ್ ಕೊಟ್ಟಿರಬೇಕು, ಅದು ಹೋಗ್ಲಿ.

ಇವೆಲ್ಲ ಕಣ್ಣಿಗೆ ಹೊಡೆಯೋ ತಪ್ಪುಗಳು. ಕಾಡೊಳಗೇ ಬಿದ್ದಿರೋ ತಪ್ಪು ಪಾಯಿಂಟುಗಳದ್ದೇ ನಿಜವಾದ ತಲೆನೋವು. 14 ಡಿಗ್ರಿ 24 ಮಿನಿಟನ್ನ 14.4 ಅಂತ ಬರಿಯೋ ಬದ್ಲು 14.24 ಅಂತ ಟೈಪ್ ಮಾಡಿದ್ರೆ ಪಾಯಿಂಟು ಹತ್ತಿರತ್ತಿರ 18 ಕಿಮೀ ದಕ್ಷಿಣಕ್ಕೆ ಸರಿಯತ್ತೆ, ಅಲ್ಲೂ ಕಾಡೇ ಇರೋದ್ರಿಂದ ಒಂದೊಂದೇ ಪಾಯಿಂಟ್ ನೋಡೋ ಟೆಸ್ಟಿಗೆ ಸಿಗಲ್ಲ. ಒಂದೇ ಡೇಟಾಸೆಟ್ಟಲ್ಲಿ ದಶಾಂಶದ ಮೊದಲೆರಡು ಅಂಕಿ ಒಮ್ಮೆಯೂ 59 ದಾಟಿಲ್ಲ ಅಂದ್ರೆ ಅನುಮಾನ ಪಡಿ. ಆಮೇಲೆ ಹಳೇ ಮ್ಯೂಸಿಯಂ ಲೇಬಲ್ಲು: ಬರೀ 'ಕೆನರಾ' ಅಂತಿದ್ರೆ ಅದು ಕಾರವಾರನೋ ಕಾಸರಗೋಡೋ ಯಾರಿಗ್ ಗೊತ್ತು (1956ರವರೆಗೆ ಕಾಸರಗೋಡು ದಕ್ಷಿಣ ಕೆನರಾದಲ್ಲೇ ಇತ್ತಲ್ಲ).

ಇನ್ನೊಂದು, ಸಿಂಗಳೀಕ ಅಪಾಯದಲ್ಲಿರೋ ಪ್ರಾಣಿ ಆದ್ರಿಂದ ಐನ್ಯಾಚುರಲಿಸ್ಟ್ ಬೇಕಂತ್ಲೇ ಜಾಗ ಮರೆಮಾಚತ್ತೆ, 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಕಡೆ ಪಾಯಿಂಟ್ ಇಡತ್ತೆ. ಅಂಕಿ ನೋಡಿದ್ರೆ ನಾಲ್ಕು ದಶಾಂಶ, ಭಾರೀ ಕರಾರುವಾಕ್ ಅನ್ಸತ್ತೆ. ಘಟ್ಟದಲ್ಲಿ 20 ಕಿಮೀ ಆಚೀಚೆ ಆದ್ರೆ ಮಳೆನೇ ಬೇರೆ, ಕಾಡೇ ಬೇರೆ, ನೀವು 1 ಕಿಮೀ ಹವಾಮಾನ ಲೇಯರ್ ಇಟ್ಕೊಂಡು ಅದಕ್ಕೆ ಮಾಡೆಲ್ ಕೂರಿಸ್ತೀರ! ಕೋಆರ್ಡಿನೇಟ್ ಅನ್‌ಸರ್ಟನ್ಟಿ (ಪಾಯಿಂಟು ಎಷ್ಟು ಮೀಟರ್ ಆಚೀಚೆ ಇರಬಹುದು ಅನ್ನೋದು) ಕಾಲಮ್ ಮೊದ್ಲು ನೋಡಿ. ಅದು ಖಾಲಿ ಇದ್ರೆ ನಿಖರ ಅಂತ ಅಲ್ಲ, ಯಾರೂ ತುಂಬಿಲ್ಲ ಅಂತ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಔಟ್‌ಲಯರ್ ಟೆಸ್ಟ್ (ಗುಂಪಿಂದ ದೂರ ಇರೋ ಪಾಯಿಂಟ್ ಹುಡುಕೋದು) ಶಿರಸಿ-ಹೊನ್ನಾವರ ಕಡೆ ಪಾಯಿಂಟುಗಳನ್ನೂ ಫ್ಲ್ಯಾಗ್ ಮಾಡಿದೆ, ಉಳಿದಿದ್ದೆಲ್ಲ ಕೇರಳ, ತಮಿಳ್ನಾಡು, ಕೊಡಗು ಕಡೆ ಗುಂಪಾಗಿದೆ. ಗೈಡ್ ತೆಗೀರಿ ಅಂದ್ರು.

ಉತ್ತರ: ಅಯ್ಯೋ ತೆಗೀಬೇಡಿ! ಅಲ್ಲಿ ಸಿಂಗಳೀಕ ನಿಜವಾಗ್ಲೂ ಇದೆ, ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಮಾಡಿದ್ದೇ ಅದಕ್ಕೆ (2019ರಲ್ಲಿ ಅದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರ್ತು). ಟೆಸ್ಟಿಗೆ ಗೊತ್ತಾಗೋದು ದೂರ ಅಷ್ಟೇ, ದಕ್ಷಿಣದಲ್ಲಿ ಫೋಟೋ ತೆಗ್ಯೋರು ಜಾಸ್ತಿ ಇದ್ರೆ ಉತ್ತರದ್ದು ಒಂಟಿಯಾಗಿ ಕಾಣತ್ತೆ. ಅವನ್ನ ತೆಗ್ದ್ರೆ ನಿಮ್ಮ ಮಾಡೆಲ್ ಉತ್ತರ ಕನ್ನಡದಲ್ಲಿ ಸಿಂಗಳೀಕಕ್ಕೆ ಜಾಗನೇ ಇಲ್ಲ ಅಂತ ಹೇಳತ್ತೆ. ಗೈಡಿಗೆ ಆ ಅಭಯಾರಣ್ಯದ ಮ್ಯಾಪ್ ಮೇಲೆ ಪಾಯಿಂಟುಗಳನ್ನ ಹಾಕಿ ತೋರ್ಸಿ. ಮತ್ತೆ ಮೂಲ ಫೈಲ್ ಹಂಗೇ ಇಟ್ಕೊಂಡು, ಪಕ್ಕದಲ್ಲಿ 'ಯಾಕೆ ಬಿಟ್ಟೆ' ಅಂತ ಒಂದು ಕಾಲಮ್ ಮಾಡಿ, ವೈವಾದಲ್ಲಿ ಕೇಳೇ ಕೇಳ್ತಾರೆ.

ಇನ್ನೊಬ್ಬರು: ಮೇಡಂ, ಒಂದೇ ಜಾಗದ್ದು ಹತ್ತಾರು ರೆಕಾರ್ಡ್ ಇದ್ರೆ?

ಉತ್ತರ: ತಮಿಳ್ನಾಡಿನ ವಾಲ್ಪಾರೈ ರಸ್ತೆ ಪಕ್ಕದ್ದಾ? 😄 ಗ್ರಿಡ್ಡಿನ ಒಂದು ಚೌಕಕ್ಕೆ ಒಂದು ಇಟ್ಕೊಳಿ, ಅಷ್ಟು ಮಾಡಿದ್ರೂ ರಸ್ತೆ ಕಡೆ ವಾಲೋದು ಪೂರ್ತಿ ಹೋಗಲ್ಲ, ಬ್ಯಾಕ್‌ಗ್ರೌಂಡ್ ಪಾಯಿಂಟುಗಳನ್ನೂ (ಮಾಡೆಲ್ ಹೋಲಿಕೆಗೆ ತಗೊಳೋ ಪಾಯಿಂಟು) ಜನ ಓಡಾಡೋ ಕಡೆಯಿಂದ್ಲೇ ಜಾಸ್ತಿ ತಗೋಬೇಕು.