‘ಗೀಳು’, ‘ವಾಲಿಕೆ’, ‘ಬಿಡ್ತು ಅನ್ನು’: ಪದಗಳ ಬಗ್ಗೆ ಒಂದು ಸಂದೇಹ

ಮಾನ್ಯರೇ,

ಹದಿಹರೆಯದವರ ಗೀಳು ಮನೋರೋಗವನ್ನು (ಒಸಿಡಿ) ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ತೊಡಕು ‘ಗೀಳು’ ಎಂಬಲ್ಲಿಂದಲೇ ಶುರುವಾಗುತ್ತದೆ. ‘ಅಬ್ಸೆಷನ್’ ಎಂಬುದಕ್ಕೆ ಈ ಪದ ರೂಢಿಯಾಗಿರುವುದು ನಿಜ. ಆದರೆ ಮಕ್ಕಳ ಮಾತಿನಲ್ಲಿ ಕ್ರಿಕೆಟ್ ಗೀಳು, ಮೊಬೈಲ್ ಗೀಳು ಎಂದರೆ ಬಿಡಲಾರದಷ್ಟು ಇಷ್ಟವಾದದ್ದು. ರೋಗದಲ್ಲಿರುವುದು ಬೇಡವೆಂದರೂ ನುಗ್ಗಿಬಂದು, ಬಂದವರಿಗೇ ಭಯವನ್ನೋ ಹೇಸಿಗೆಯನ್ನೋ ಹುಟ್ಟಿಸುವ ಆಲೋಚನೆ. ಈ ರೋಗದಲ್ಲಿ ಆಲೋಚನೆ ಒಂದೇ ಕಡೆಗೆ ವಾಲುವುದನ್ನು ಹೇಳುವ ‘ಬಯಾಸ್’ ಎಂಬ ಪದವೂ ತೊಡಕಿನದೇ. ಅದಕ್ಕೆ ‘ಪೂರ್ವಗ್ರಹ’ ಅಥವಾ ‘ಪಕ್ಷಪಾತ’ ಎಂದರೆ ಇನ್ನೊಬ್ಬರಿಗೆ ಅನ್ಯಾಯ ಮಾಡಿದಂತೆ ಕೇಳಿಸುವುದರಿಂದ ಸದ್ಯಕ್ಕೆ ‘ಆಲೋಚನೆಯ ವಾಲಿಕೆ’ ಎಂದು ಬರೆದಿದ್ದೇನೆ.

1997ರಲ್ಲಿ ಸಂಶೋಧಕರ ಅಂತರರಾಷ್ಟ್ರೀಯ ತಂಡವೊಂದು ಗೀಳಿಗೆ ನೀರೆರೆಯುವ ಆರು ಬಗೆಯ ನಂಬಿಕೆಗಳನ್ನು ಗುರುತಿಸಿತು. ಅತಿಯಾದ ಹೊಣೆ, ಅಪಾಯವನ್ನು ಹಿಗ್ಗಿಸಿ ಕಾಣುವುದು, ಅನಿಶ್ಚಯವನ್ನು ತಾಳದಿರುವುದು ಮುಂತಾದವು ಕನ್ನಡಕ್ಕೆ ಸಲೀಸಾಗಿ ಬಂದವು. ಆಲೋಚನೆಗೆ ಸಲ್ಲದ ತೂಕ ಕೊಡುವ ನಂಬಿಕೆಯೊಳಗೆ ಸೇರುವ ‘ಥಾಟ್-ಆಕ್ಷನ್ ಫ್ಯೂಷನ್’ ಮಾತ್ರ ಪಟ್ಟಾಗಿ ಕೂತಿದೆ. ಮನೋವಿಜ್ಞಾನಿ ರಾಕ್‌ಮನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ವಿವರಿಸಿದಂತೆ ಇದಕ್ಕೆ ಎರಡು ಮುಖ: ಕೆಟ್ಟದ್ದು ಮನಸ್ಸಿಗೆ ಬಂದರೆ ಅದು ನಡೆದುಬಿಡಬಹುದು ಎಂಬುದು ಒಂದು, ಮನಸ್ಸಿಗೆ ಬಂದದ್ದೂ ಮಾಡಿದಷ್ಟೇ ಪಾಪ ಎಂಬುದು ಇನ್ನೊಂದು. ‘ಚಿಂತನ-ಕ್ರಿಯಾ ಸಂಲಯನ’ ಎಂದು ಬರೆದರೆ ಮಕ್ಕಳಿಗೆ ಭೌತವಿಜ್ಞಾನದ ಪಾಠ ನೆನಪಾದೀತೇ ಹೊರತು ತಮ್ಮ ಮನಸ್ಸಲ್ಲ.

ಇದನ್ನು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ವಿವರಿಸಿದಾಗ ಆಕೆ, “ಅಂದರೆ ಬಿಡ್ತು ಅನ್ನದೇ ಇದ್ರೆ ಆಗೋದಾ, ಸರ್?” ಎಂದಳು. ಅಸ್ತು ದೇವತೆಗಳ ಹೆದರಿಕೆಯಲ್ಲಿ ಬೆಳೆದ ನನಗೆ ಇದು ಹೊಳೆಯದೆ ಹೋದದ್ದು ನಾಚಿಕೆಯ ವಿಷಯ. ಆದರೂ ಮನೆಯ ‘ಬಿಡ್ತು’ ಬಾಯಿಂದ ಜಾರಿದ ಮಾತಿಗೆ ಸಂಬಂಧಿಸಿದ್ದು. ಒಮ್ಮೆ ಅಂದರೆ ಮುಗಿಯಿತು. ಬಾಯಿಗೆ ಬಾರದ ಆಲೋಚನೆಗೂ ‘ಬಿಡ್ತು’ ಎಂದು ಮನಸ್ಸಿನಲ್ಲೇ ಇಪ್ಪತ್ತು ಸಲ ಹೇಳಿಕೊಂಡು, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಮತ್ತೆ ಮೊದಲಿಂದ ಶುರುಮಾಡುವ ಮಗುವಿನಲ್ಲಿ ಅದು ನಂಬಿಕೆಯ ಹೆಸರಾಗುವುದಕ್ಕಿಂತ, ಆ ನಂಬಿಕೆ ಮಾಡಿಸುವ ಒತ್ತಾಯದ ಕ್ರಿಯೆಯ ಹೆಸರಾಗುತ್ತದೆ. ಹಾಗಾಗಿ ಅದನ್ನು ಉದಾಹರಣೆಯಾಗಿ ಉಳಿಸಿಕೊಂಡು, ಪಾರಿಭಾಷಿಕ ಪದವಾಗಿ ‘ನೆನೆದರೆ ನಡೆದಂತೆ ಎಂಬ ನಂಬಿಕೆ’ ಎಂದು ಬರೆಯೋಣವೆನಿಸಿದೆ. ‘ನಡೆ’ ಎಂಬ ಧಾತುವಿಗೆ ಸಂಭವಿಸು, ವರ್ತಿಸು ಎಂಬ ಎರಡೂ ಅರ್ಥಗಳಿರುವುದರಿಂದ ಎರಡು ಮುಖಗಳೂ ಒಳಗಾಗುತ್ತವೆ. ಕರಾವಳಿಯವರಿಗೆ ‘ಎಣಿಸಿದರೆ’ ಎಂಬುದು ಇನ್ನೂ ಹತ್ತಿರವೆನಿಸೀತು, ಆದರೆ ಉಳಿದ ಕಡೆ ಅದು ಲೆಕ್ಕ ಹಾಕುವುದಾಗುತ್ತದೆ.

ಇದಕ್ಕಿಂತ ಚಿಕ್ಕದಾದ, ಆಡುಮಾತಿನಲ್ಲಿ ಈಗಾಗಲೇ ಇರುವ ಪದ ನಿಮ್ಮ ಕಡೆ ಇದ್ದರೆ ದಯವಿಟ್ಟು ತಿಳಿಸಿ. ‘ಗೀಳು’ ಎಂಬುದಕ್ಕೆ ಬದಲಾಗಿ ‘ಕಾಡುವ ಆಲೋಚನೆ’ ಸಾಕೇ ಎಂಬುದನ್ನೂ ಹೇಳಬೇಕಾಗಿ ಕೋರುತ್ತೇನೆ.