ಹಳೇ ಮಿನಿಮೂಗ್: ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ ದನಿ, ಭಾವ ತರೋದು ಹೇಗೆ?

ಕೀಲಿಮಣೆ_ಕಿಟ್ಟಿ

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದಿಂದ ಕೀಬೋರ್ಡ್ ನುಡಿಸುತ್ತೇನೆ, ಚಿಕ್ಕವನಿದ್ದಾಗ ಸ್ವಲ್ಪ ಪಿಟೀಲೂ ಕಲಿತಿದ್ದೆ. ಈಗ ಕೆಲಸದ ಮೇಲೆ ಜರ್ಮನಿಯಲ್ಲಿದ್ದೇನೆ. ನಮ್ಮ ಮನೆ ಮಾಲೀಕರ ನೆಲಮಾಳಿಗೆಯಲ್ಲಿ ಎಪ್ಪತ್ತರ ದಶಕದ ಒಂದು ಮಿನಿಮೂಗ್ ಮಾಡೆಲ್ ಡಿ ಸಿಂತಸೈಜರ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡ್, ಚಿಕ್ಕದಾಗಿ ಸಿಂತ್) ಇದೆ, ಮರದ ಚೌಕಟ್ಟಿನದು. ಭಾನುವಾರ ಬಂದು ನುಡಿಸು ಅಂದರು. ಖುಷಿಯಿಂದ ಹೋಗಿ ಕೂತೆ. ದನಿ ಏನೋ ಎದೆ ನಡುಗಿಸುವಂಥದ್ದು, ಆದರೆ ನಾನು ನುಡಿಸಿದ್ದೆಲ್ಲ ಮನೆ ಬಾಗಿಲ ಬೆಲ್ ಥರ ಕೇಳಿಸಿತು.

ಮೆಲ್ಲಗೆ ಒತ್ತಿದರೂ ಗುದ್ದಿದರೂ ವ್ಯತ್ಯಾಸವೇ ಇಲ್ಲ. ಸ್ವರ ಏರಿಳಿಸುವ ಪಿಚ್ ವೀಲ್ ಕೈಬಿಟ್ಟರೆ ವಾಪಸ್ ಬರುವುದಿಲ್ಲ, ಅಲ್ಲೇ ನಿಂತುಬಿಡುತ್ತದೆ, ಆಮೇಲೆ ಎಲ್ಲವೂ ಅಪಶ್ರುತಿ. ಇನ್ನೂ ಒಂದು ವಿಚಿತ್ರ: ಒಂದು ಕೀ ಹಿಡಿದುಕೊಂಡೇ ಅದರ ಬಲಕ್ಕಿರುವ ಕೀ ಒತ್ತಿದರೆ ಏನೂ ಆಗುವುದಿಲ್ಲ, ಎಡಕ್ಕಿರುವುದನ್ನು ಒತ್ತಿದರೆ ಮಾತ್ರ ಸ್ವರ ಬದಲಾಗುತ್ತದೆ. ಕೆಟ್ಟಿದೆಯಾ? ಅವರನ್ನೇ ಕೇಳೋಕೆ ಮುಜುಗರ. ಕೀಬೋರ್ಡ್ ವಾದಕ ಯಾನ್ ಹ್ಯಾಮರ್ ಇದೇ ಪೆಟ್ಟಿಗೆಯಲ್ಲಿ ಗಿಟಾರ್ ಥರ ನುಡಿಸುತ್ತಿದ್ದದ್ದು ಹೇಗೆ ಅಂತ ಯಾರಾದರೂ ಬಿಡಿಸಿ ಹೇಳಿ.

ತಿರುಪು_ಗುಂಡಿ

ಕೆಟ್ಟಿಲ್ಲ ಮಾರಾಯ, ಅದು ಇರೋದೇ ಹಾಗೆ. ಅಲ್ಲಿ ಕೀ ಅಂದರೆ ಸ್ವಿಚ್ಚು, ಅಷ್ಟೇ. ಎಷ್ಟು ಜೋರಾಗಿ ಒತ್ತಿದೆ ಅನ್ನೋದು ಅದಕ್ಕೆ ಗೊತ್ತಾಗುವುದಿಲ್ಲ. 2016ರಲ್ಲಿ ಕಂಪನಿ ಮತ್ತೆ ತಯಾರಿಸಿದಾಗ ಒತ್ತಡ ತಿಳಿಯುವ ಕೀಬೋರ್ಡ್ ಹಾಕಿದರು, ವೀಲಿಗೆ ಸ್ಪ್ರಿಂಗ್ ಬಂದದ್ದು 2022ರದ್ದರಲ್ಲಿ. ನಿಮ್ಮ ಮಾಲೀಕರದು ಹಳೇದು, ಸ್ಪ್ರಿಂಗ್ ಇಲ್ಲ, ನಡುವೆ ಒಂದು ಸಣ್ಣ ಕಚ್ಚು ಮಾತ್ರ ಇರುತ್ತದೆ. ಬೆರಳಿಗೆ ಕಟ್ ಅಂತ ಸಿಗುತ್ತದೆ ನೋಡಿ.

ಆ ಕಚ್ಚೇ ನಿಮ್ಮ ಆಸ್ತಿ. ಕೀ ಒತ್ತುವ ಮೊದಲೇ ವೀಲ್ ಅನ್ನು ನಿಮ್ಮ ಕಡೆಗೆ ಸ್ವಲ್ಪ ಎಳೆದಿಡಿ, ಈಗ ಕೀ ಒತ್ತಿ, ಆಮೇಲೆ ಹೆಬ್ಬೆರಳಿನಿಂದ ಕಚ್ಚು ಸಿಗುವವರೆಗೆ ಮೇಲಕ್ಕೆ ತಳ್ಳಿ. ಸ್ವರ ಕೆಳಗಿನಿಂದ ಹತ್ತಿ ಬಂದು ಸರಿಯಾದ ಜಾಗದಲ್ಲಿ ನಿಲ್ಲುತ್ತದೆ, ಗಿಟಾರ್ ತಂತಿ ಎಳೆದ ಹಾಗೆ. ಇವತ್ತಿನ ಕೀಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಎರಡು ಸ್ವರಸ್ಥಾನ ಬಾಗುತ್ತದೆ, ಇದರಲ್ಲಿ ಅದಕ್ಕಿಂತ ಜಾಸ್ತಿ, ಹಾಗಾಗಿ ಕೂದಲೆಳೆ ಚಲನೆ ಸಾಕು. ಹ್ಯಾಮರ್ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಜಾನ್ ಮೆಕ್‌ಲಾಫ್ಲಿನ್ ಗಿಟಾರ್ ಎದುರು ನುಡಿಸಿದ್ದು ಇಂಥ ಎಡಗೈಯಿಂದಲೇ. ಬಲಗೈ ಕೆಲಸ ನಿಮಗೆ ಈಗಾಗಲೇ ಬರುತ್ತದೆ, ಎರಡು ವಾರ ಎಡಗೈಗೆ ಕೊಡಿ.

ವೈಬ್ರಾಟೋಗೆ, ಅಂದರೆ ಸ್ವರದ ನಡುಕಕ್ಕೆ, ಪಕ್ಕದ ಮಾಡ್ ವೀಲ್. ಮೂರನೇ ಆಸಿಲೇಟರ್ (ದನಿ ಹುಟ್ಟಿಸುವ ಭಾಗ) ರೇಂಜ್ 'ಲೋ'ಗೆ ಇಡಿ, ಅದರ ಕೀಬೋರ್ಡ್ ಕಂಟ್ರೋಲ್ ಆಫ್, ಮಿಕ್ಸರ್‌ನಲ್ಲೂ ಅದನ್ನು ಆಫ್ ಮಾಡಿ, ಮಾಡ್ಯುಲೇಷನ್ ಮಿಕ್ಸ್ ಗುಂಡಿ ಆಸಿಲೇಟರ್ ಕಡೆಗೆ, ಆಸಿಲೇಟರ್ ಮಾಡ್ಯುಲೇಷನ್ ಸ್ವಿಚ್ ಆನ್. ಒಂದು ಆಸಿಲೇಟರ್ ಕಳೆದುಕೊಳ್ಳುತ್ತೀರಿ, ಪರವಾಗಿಲ್ಲ. ಕೀ ಒತ್ತಿದ ತಕ್ಷಣ ನಡುಗಿಸಬೇಡಿ. ಸ್ವರ ನಿಂತ ಮೇಲೆ ನಿಧಾನ ಏರಿಸಿ.

ಎಡ-ಬಲದ ವಿಷಯ: ಒಂದು ಸಲಕ್ಕೆ ಒಂದೇ ಸ್ವರ ಬರೋದು, ಎರಡು ಕೀ ಒತ್ತಿದರೆ ತಗ್ಗಿನದೇ ಗೆಲ್ಲುತ್ತದೆ. ಜೊತೆಗೆ, ಎಲ್ಲ ಬೆರಳೂ ಎತ್ತುವ ತನಕ ಎನ್ವಲಪ್ (ದನಿ ಎದ್ದು ಇಳಿಯುವ ಬಗೆ) ಹೊಸದಾಗಿ ಶುರುವಾಗುವುದಿಲ್ಲ. ಬೆರಳು ಬಿಡಿಸಿ ನುಡಿಸಿದರೆ ಪ್ರತಿ ಸ್ವರಕ್ಕೂ ಪೆಟ್ಟು, ಅಂಟಿಸಿ ನುಡಿಸಿದರೆ ಒಂದೇ ಉಸಿರು. ನೀವು ಪಿಯಾನೋ ಥರ ಟಕಟಕ ಅಂತ ಬಾರಿಸಿರುತ್ತೀರಿ, ಅದಕ್ಕೇ ಬೆಲ್ಲು.

ಸೀಸದ_ಬೆಸುಗೆ

ಮೇಲಿನವರು ಹೇಳಿದ್ದು ಸರಿ, ಆದರೆ ವೀಲ್ ಒಂದೇ ದೇವರು ಅಲ್ಲ. ಅದೇ ಕಾಲದ ಇನ್ನೊಂದು ಸಿಂತ್ ಎಆರ್‌ಪಿ ಒಡಿಸ್ಸಿಯಲ್ಲಿ ಮೊದಲು ಬರೀ ಒಂದು ತಿರುಗಿಸುವ ಗುಂಡಿ ಇತ್ತು, ಆಮೇಲೆ ಅದರ ಜಾಗದಲ್ಲಿ ಮೂರು ರಬ್ಬರ್ ಪ್ಯಾಡ್ ಬಂದವು. ಎಡದ್ದು ಒತ್ತಿದರೆ ಸ್ವರ ತಗ್ಗುತ್ತದೆ, ಬಲದ್ದು ಏರುತ್ತದೆ, ನಡುವಿನದು ವೈಬ್ರಾಟೋ, ಎಷ್ಟು ಅದುಮುತ್ತೀರೋ ಅಷ್ಟು. ಬೆರಳು ಎತ್ತಿದರೆ ಶ್ರುತಿ ತಾನೇ ವಾಪಸ್. ನಾನು ಒಂದು ಹಳೇದನ್ನು ಕೊಂಡು ಮನೆಗೆ ತಂದರೆ ನಡುವಿನ ಪ್ಯಾಡ್ ಸತ್ತೇ ಹೋಗಿತ್ತು, ಮಾರಿದ ಪುಣ್ಯಾತ್ಮ ಬಾಯಿ ಬಿಟ್ಟಿರಲಿಲ್ಲ.

ಯಮಾಹಾ ಸಿಎಸ್-80 ಸಿಂತ್ ಕಥೆ ಬೇರೆಯೇ. ಎಂಟು ಸ್ವರ ಒಟ್ಟಿಗೆ, ಒಂದೊಂದು ಕೀಗೂ ಬೇರೆ ಬೇರೆ ಒತ್ತಡ, ಮೇಲೆ ಉದ್ದಕ್ಕೆ ಬೆರಳು ಜಾರಿಸಿ ಸ್ವರ ಬಾಗಿಸುವ ಒಂದು ರಿಬ್ಬನ್. ನಾಲ್ಕು ಸ್ವರದ ಕಾರ್ಡ್ ಹಿಡಿದು ಒಂದೇ ಬೆರಳನ್ನು ಅದುಮಿ ಆ ಸ್ವರ ಮಾತ್ರ ಹೊಳೆಯುವ ಹಾಗೆ ಮಾಡಬಹುದು. ಗ್ರೀಕ್ ಸಂಗೀತಗಾರ ವ್ಯಾಂಜೆಲಿಸ್ ಅದಕ್ಕೆ ಅಂಟಿಕೊಂಡದ್ದು ಸುಮ್ನೆ ಅಲ್ಲ. ಆದರೆ ಎತ್ತೋಕೆ ಇಬ್ಬರಿಗೂ ಕಷ್ಟ.

ಮಿನಿಮೂಗ್‌ಗೆ ನನ್ನ ಸಲಹೆ: ಕಾಲು ಬಳಸಿ. ಗಿಟಾರಿನವರ ವಾಲ್ಯೂಮ್ ಪೆಡಲ್ ಇದ್ದರೆ ಸಿಂತ್‌ಗೂ ಆಂಪ್‌ಗೂ ನಡುವೆ ಹಾಕಿ. ಹಿಂಬದಿಯಲ್ಲಿ ಫಿಲ್ಟರ್‌ಗೆ (ದನಿಯ ಹೊಳಪು ತಿದ್ದುವ ಭಾಗ) ಬೇರೆ ಇನ್‌ಪುಟ್ ಇದೆ, ಅದಕ್ಕೆ ವೋಲ್ಟೇಜ್ ಕೊಡುವ ಪೆಡಲ್ಲೇ ಬೇಕು, ಗಿಟಾರಿನದು ಆಗುವುದಿಲ್ಲ.

ಮೀಟು_ತಂತಿ

ನಾನು ವೀಣೆಯವಳು, ಸಿಂತ್ ನನಗೆ ಹೊಸದು. ಆದರೆ 'ತಗ್ಗಿನದೇ ಗೆಲ್ಲುತ್ತದೆ' ಅನ್ನೋದು ಓದಿ ಒಂದು ಹೊಳೆಯಿತು. ಸಾಫ್ಟ್‌ವೇರ್‌ನಲ್ಲಿ ಅದೇ ಸೆಟ್ಟಿಂಗ್ ಇಟ್ಟು ನೋಡಿದೆ. ಷಡ್ಜ 'ಸಿ' ಅಂತ ಇಟ್ಟುಕೊಳ್ಳಿ. ಮಧ್ಯಮ, ಅಂದರೆ 'ಎಫ್', ಒತ್ತಿ ಹಿಡಿದೇ ಇರಿ. ಗ್ಲೈಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಸ್ವಿಚ್ಚು) ಆನ್. ಈಗ ಇನ್ನೊಂದು ಬೆರಳಿನಿಂದ 'ಸಿ ಶಾರ್ಪ್', ನಮ್ಮ ಶುದ್ಧ ರಿಷಭ, ತಟ್ಟಿ ಬಿಡಿ, ತಟ್ಟಿ ಬಿಡಿ. ಮತ್ತೆ ಪೆಟ್ಟು ಬೀಳುವುದಿಲ್ಲ, ದನಿ ಎರಡರ ನಡುವೆ ಜಾರಾಡುತ್ತದೆ. ಗ್ಲೈಡ್ ಸ್ವಲ್ಪ ನಿಧಾನ ಮಾಡಿದರೆ ಕೆಳಗಿನ ಸ್ವರ ಪೂರ್ತಿ ಮುಟ್ಟುವಷ್ಟರಲ್ಲಿ ವಾಪಸ್ ಬರುತ್ತದೆ. ತೋಡಿಯ ಗಾಂಧಾರ ಅಲ್ವಾ ಅದು! ಗಾಂಧಾರದ ಕೀ ಮುಟ್ಟಲೇ ಇಲ್ಲ.

ಗ್ಲೈಡ್ ಒಂದನ್ನೇ ಆನ್ ಮಾಡಿ ಎಲ್ಲದಕ್ಕೂ ಬಳಿಯಬೇಡಿ ಆಯ್ತಾ. ಎಲ್ಲ ಸ್ವರವೂ ಜಾರಿದರೆ ಯಾವುದೂ ಗಮಕ ಆಗುವುದಿಲ್ಲ.

ಕೀಲಿಮಣೆ_ಕಿಟ್ಟಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ನಿನ್ನೆ ಹೋಗಿ ಮೂರು ಗಂಟೆ ಕೂತೆ. ಕಚ್ಚಿನ ಉಪಾಯ ಹತ್ತರಲ್ಲಿ ನಾಲ್ಕು ಸಲ ಸರಿ ಬರುತ್ತಿದೆ, ಉಳಿದ ಆರು ಸಲ ಕಚ್ಚು ದಾಟಿ ಮೇಲೆ ಹೋಗಿಬಿಡುತ್ತೇನೆ. ಮೀಟು_ತಂತಿ ಅವರೇ, ಗಾಂಧಾರ ಬಂತು! ವೇಗ ಜಾಸ್ತಿಯಾದರೆ ಆಂಬುಲೆನ್ಸ್ ಆಗುತ್ತದೆ, ನಿಧಾನದಲ್ಲಿ ನಿಜವಾಗಲೂ ತೋಡಿ. ಮಾಲೀಕರು ಮೆಟ್ಟಿಲ ಮೇಲೆ ಕೂತು ಕೇಳಿ, ಇದರಲ್ಲಿ ಏನೋ ರಿಪೇರಿ ಬಂದಿದೆಯಾ ಅಂತ ಕೇಳಿದರು.

ಒಂದೇ ತೊಂದರೆ, ಮೊದಲ ಇಪ್ಪತ್ತು ನಿಮಿಷ ಶ್ರುತಿ ಸರಿಯುತ್ತಲೇ ಇತ್ತು. ಬಿಸಿ ಆಗಬೇಕಂತೆ. ಮುಂದಿನ ಭಾನುವಾರ ನಾನು ಇಳಿದು ಬರುವ ಮೊದಲೇ ಆನ್ ಮಾಡಿಡೋಕೆ ಹೇಳಿದ್ದೇನೆ.