ಸಹಾಯ ಬೇಕು: ಪೋಲಿಶ್ ಜೋಡಿ ಬಣ್ಣಗಳಲ್ಲಿ ಒತ್ತು ಎಲ್ಲಿ?

ಎಲ್ಲರಿಗೂ ನಮಸ್ಕಾರ. ಪೋಲಿಶ್ ಗೊತ್ತಿರುವವರು ದಯವಿಟ್ಟು ನೋಡಿ. ಇಲ್ಲಿ ಒತ್ತು ಅಂದರೆ ಪದದಲ್ಲಿ ಒತ್ತಿ ಹೇಳುವ ಉಚ್ಚಾರಾಂಶ, ಒತ್ತಕ್ಷರ ಅಲ್ಲ.

ಎರಡು ಬಣ್ಣ ಪಕ್ಕಪಕ್ಕ ಇದ್ದರೆ ಬರೆಯುವಾಗ ಹೆಸರುಗಳ ನಡುವೆ ಅಡ್ಡಗೆರೆ (-) ಬರುತ್ತದೆ. ಪೋಲೆಂಡಿನ ಬಾವುಟ 'ಬ್ಯಾವೊ-ಚೆರ್ವೊನಾ', ಅಂದರೆ ಬಿಳಿ-ಕೆಂಪು. ಮೊದಲ ಭಾಗ ಯಾವಾಗಲೂ 'ಒ'ದಲ್ಲೇ ಮುಗಿಯುತ್ತದೆ, ಲಿಂಗ-ವಚನಕ್ಕೆ ತಕ್ಕಂತೆ ಬದಲಾಗುವುದು ಕೊನೆಯದು ಮಾತ್ರ. ತಿಳಿನೀಲಿ 'ಯಸ್ನೊನ್ಯೆಬ್ಯೆಸ್ಕಿ'. ಇದು ಒಂದೇ ಬಣ್ಣ, ಹಾಗಾಗಿ ಗೆರೆ ಇಲ್ಲ. 'ನ್ಯೆಬ್ಯೆಸ್ಕೊಝೆಲೊನಿ' ಕೂಡಿಸಿ ಬರೆದರೆ ನೀಲಿ ಛಾಯೆಯ ಹಸಿರು. ಗೆರೆ ಹಾಕಿದರೆ ಸ್ವಲ್ಪ ನೀಲಿ, ಸ್ವಲ್ಪ ಹಸಿರು ಇರುವ ವಸ್ತು. ಇದು ನನಗೆ ತುಂಬಾ ಇಷ್ಟವಾಯಿತು!

ಉಚ್ಚಾರಾಂಶ ಎಣಿಸುವುದೂ ಕಷ್ಟವಲ್ಲ. 'ಬ್ಯಾ'ದಲ್ಲಿ ಬರೆಯುವ 'i' ಅಕ್ಷರ ನಮ್ಮ ಯ-ಒತ್ತಕ್ಷರದ ಹಾಗೆ, ಬೇರೆ ಉಚ್ಚಾರಾಂಶ ಅಲ್ಲ. ಹಾಗಾಗಿ ಪುಲ್ಲಿಂಗ ರೂಪ ಬ್ಯಾ-ವೊ-ಚೆರ್-ವೊ-ನಿ, ಒಟ್ಟು 5. ಮುಖ್ಯ ಒತ್ತು ಕೊನೆಯಿಂದ ಎರಡನೆಯದರ ಮೇಲೆ, ಅಂದರೆ ಎರಡನೇ 'ವೊ' ಮೇಲೆ.

ನನ್ನ ತಲೆನೋವು ಚಿಕ್ಕ ಒತ್ತಿನದು, ಅಂದರೆ ಮುಖ್ಯ ಒತ್ತಿನ ಜೊತೆಗೆ ಮೊದಲ ಭಾಗದಲ್ಲಿ ಬರುವ ಹಗುರ ಒತ್ತಿನದು. 'ಬ್ಯಾವೊ'ದಲ್ಲಿ ಅದು 'ಬ್ಯಾ' ಮೇಲೆ, ಅನುಮಾನವಿಲ್ಲ. ಆದರೆ 'ನ್ಯೆಬ್ಯೆಸ್ಕೊ'ದಲ್ಲಿ 3 ಉಚ್ಚಾರಾಂಶ ಇವೆ ಅಲ್ವಾ? ಪದದ ಆರಂಭ ನೋಡಿದರೆ 'ನ್ಯೆ', ಆ ಭಾಗವನ್ನೇ ಬೇರೆ ಪದ ಅಂದುಕೊಂಡರೆ 'ಬ್ಯೆ'. ಪೋಲೆಂಡಿನವರ ಬಾಯಲ್ಲಿ ನಿಜವಾಗಿ ಯಾವುದು ಬರುತ್ತದೆ? ಗೆರೆ ಇದ್ದಾಗ, ಇಲ್ಲದಾಗ ಕಿವಿಗೆ ವ್ಯತ್ಯಾಸ ತಿಳಿಯುತ್ತದಾ, ಇಲ್ಲ ಅದು ಸುಮ್ನೆ ಬರವಣಿಗೆಗೆ ಮಾತ್ರವಾ?

ಅಲ್ಲೇ ವಾಸವಿರುವವರು ಒಂದು ಧ್ವನಿ ಸಂದೇಶ ಕಳಿಸಿದರೂ ಸಾಕು.